ಒಂದೇ ಏಜೆನ್ಸಿ, ಎರಡು ಒಪ್ಪಂದ: ಯುಎಸ್‌ಏಡ್ ಕೆಲಸ ನಿಂತಾಗ ಒಂದು ಸಂಸ್ಥೆಗೆ ಏನಾಯಿತು

ಉತ್ತರ ಕರ್ನಾಟಕದ ಒಂದು ಸ್ವಯಂಸೇವಾ ಸಂಸ್ಥೆ 2025ರ ಜನವರಿಯಲ್ಲಿ ಅಮೆರಿಕದ ಅಭಿವೃದ್ಧಿ ಏಜೆನ್ಸಿ ಯುಎಸ್‌ಏಡ್ ಹಣದಲ್ಲಿ ಎರಡು ಕೆಲಸ ನಡೆಸುತ್ತಿತ್ತು. ಎರಡೂ ಒಂದೇ ವಾರ ನಿಂತವು. ಒಂದರಲ್ಲಿ ಮಾಡಿದ ಕೆಲಸದ ದುಡ್ಡು ಹೆಚ್ಚುಕಡಿಮೆ ಪೂರ್ತಿ ಬಂತು, ಇನ್ನೊಂದರಲ್ಲಿ ಸಂಸ್ಥೆ ತನ್ನ ಸ್ವಂತ ನಿಧಿಗೆ ಕೈಹಾಕಬೇಕಾಯಿತು. ಹಣದ ಮೂಲ ಒಂದೇ, ಲೋಗೋ ಒಂದೇ, ಆದೇಶ ಹೊರಟ ದಿನವೂ ಒಂದೇ. ಬೇರೆಯಾಗಿದ್ದದ್ದು ಒಪ್ಪಂದದ ಜಾತಿ.

ಗುರುತು ಸಿಗಬಾರದೆಂದು ಇಲ್ಲಿ ಸಂಸ್ಥೆ, ಜಿಲ್ಲೆ ಮತ್ತು ಮಧ್ಯದ ಕಂಪನಿಗಳ ಹೆಸರು ಕೊಟ್ಟಿಲ್ಲ. ಕೆಲಸದ ವಿವರ ಮತ್ತು ಮೊತ್ತಗಳನ್ನು ಬದಲಿಸಿ ದುಂಡಾಗಿಸಲಾಗಿದೆ. ಕಾನೂನು, ಕಲಂ ಮತ್ತು ಸರ್ಕಾರಿ ಆದೇಶಗಳ ದಿನಾಂಕಗಳು ಇದ್ದ ಹಾಗೆಯೇ ಇವೆ.

ಹಿನ್ನೆಲೆ

ಯುಎಸ್‌ಏಡ್ ಹುಟ್ಟಿದ್ದು 1961ರಲ್ಲಿ, ಅಮೆರಿಕದ ವಿದೇಶಿ ನೆರವು ಕಾಯ್ದೆಯ ಬೆನ್ನಿಗೆ. ಹಳ್ಳಿಗಳಲ್ಲಿ ಅದರ ಹೆಸರಿನಲ್ಲಿ ಓಡಾಡುತ್ತಿದ್ದವರಲ್ಲಿ ಏಜೆನ್ಸಿಯ ನೌಕರರು ತೀರಾ ಕಡಿಮೆ ಇದ್ದರು. ಏಜೆನ್ಸಿ ಒಂದು ದೊಡ್ಡ ಸಂಸ್ಥೆಯ ಜೊತೆ ಒಪ್ಪಂದ ಮಾಡಿಕೊಳ್ಳುತ್ತಿತ್ತು. ಈ ವಲಯದಲ್ಲಿ ಅದನ್ನು ಪ್ರೈಮ್ ಅನ್ನುತ್ತಾರೆ. ಪ್ರೈಮ್ ಕೆಳಗಿನ ಸಂಸ್ಥೆಯ ಜೊತೆ ಉಪ ಒಪ್ಪಂದ ಮಾಡಿಕೊಳ್ಳುತ್ತಿತ್ತು. ಹೀಗಾಗಿ ಜಿಲ್ಲೆಯ ಮಟ್ಟದಲ್ಲಿ ನಿಂತು ನೋಡಿದರೆ ಏಜೆನ್ಸಿ ಅನ್ನುವುದು ಒಂದು ಕಟ್ಟಡವಲ್ಲ, ಒಂದರ ಕೆಳಗೊಂದು ಜೋಡಿಸಿದ ಒಪ್ಪಂದಗಳ ಸಾಲು. ಆ ಸಾಲಿನಲ್ಲಿ ನಾವು ಎಲ್ಲಿದ್ದೇವೆ ಎಂಬುದರ ಮೇಲೆ ಏಜೆನ್ಸಿ ನಮಗೆ ಏನು ಕೊಡಬೇಕು, ನಾವು ಅದಕ್ಕೆ ಏನು ಕೊಡಬೇಕು ಎಂಬುದು ನಿಲ್ಲುತ್ತದೆ.

ಅಮೆರಿಕದ 1977ರ ಫೆಡರಲ್ ಗ್ರ್ಯಾಂಟ್ ಆ್ಯಂಡ್ ಕೋಆಪರೇಟಿವ್ ಅಗ್ರಿಮೆಂಟ್ ಕಾಯ್ದೆ ಮೂರು ದಾರಿ ಹಾಕಿಕೊಟ್ಟಿದೆ. ಸರ್ಕಾರ ತನ್ನ ಬಳಕೆಗೆ ಸೇವೆ ಅಥವಾ ಸರಕು ಕೊಳ್ಳುತ್ತಿದ್ದರೆ ಅದು ಕಾಂಟ್ರ್ಯಾಕ್ಟ್. ಸಾರ್ವಜನಿಕ ಉದ್ದೇಶಕ್ಕೆ ಹಣ ಕೊಟ್ಟು ದೂರ ನಿಂತರೆ ಗ್ರ್ಯಾಂಟ್. ಹಣ ಕೊಟ್ಟು ಕೆಲಸದಲ್ಲೂ ಗಣನೀಯವಾಗಿ ಕೈಜೋಡಿಸಿದರೆ, ಅಂದರೆ ವಾರ್ಷಿಕ ಯೋಜನೆಗೆ, ಮುಖ್ಯ ಸಿಬ್ಬಂದಿಯ ನೇಮಕಕ್ಕೆ ಒಪ್ಪಿಗೆ ಕೊಡುವ ಹಕ್ಕು ಇಟ್ಟುಕೊಂಡರೆ, ಕೋಆಪರೇಟಿವ್ ಅಗ್ರಿಮೆಂಟ್. ಕಾಂಟ್ರ್ಯಾಕ್ಟಿಗೆ ಫಾರ್ ಎಂದು ಕರೆಯುವ ಖರೀದಿ ನಿಯಮಾವಳಿ ಅನ್ವಯಿಸುತ್ತದೆ. ಉಳಿದೆರಡಕ್ಕೆ, ಅಂದರೆ ನೆರವಿನ ಒಪ್ಪಂದಗಳಿಗೆ, 2 ಸಿಎಫ್‌ಆರ್ 200 ಎಂಬ ಬೇರೆಯೇ ನಿಯಮಾವಳಿ. ಕೆಲಸ ಸುಸೂತ್ರವಾಗಿ ನಡೆಯುವಾಗ ಈ ವ್ಯತ್ಯಾಸ ಲೆಕ್ಕದ ವಿಭಾಗದ ತಲೆನೋವು ಮಾತ್ರ. ಕೆಲಸ ನಿಂತ ದಿನ ಅದೇ ಎಲ್ಲವನ್ನೂ ತೀರ್ಮಾನಿಸುತ್ತದೆ.

ಈ ಸಂಸ್ಥೆಯ ಮೊದಲ ಕೆಲಸ ಕ್ಷಯರೋಗಿಗಳ ಅನುಸರಣೆ. ಮನೆ ಭೇಟಿ, ಕಫದ ಮಾದರಿ ಸಾಗಣೆ, ಔಷಧಿ ಬಿಟ್ಟವರನ್ನು ಹುಡುಕಿ ಮತ್ತೆ ಆಸ್ಪತ್ರೆಗೆ ಕರೆತರುವುದು. ಇದು ಕೋಆಪರೇಟಿವ್ ಅಗ್ರಿಮೆಂಟಿನ ಕೆಳಗಿನ ಸಬ್‌ಅವಾರ್ಡ್, ಅಂದರೆ ನೆರವಿನ ಉಪ ಒಪ್ಪಂದ. 2022ರ ಅಕ್ಟೋಬರಿನಿಂದ ಮೂರು ವರ್ಷ, ಒಟ್ಟು ಅಂದಾಜು 6 ಲಕ್ಷ ಡಾಲರ್. ಖರ್ಚು ಮಾಡಿ ಬಿಲ್ ಕೊಟ್ಟರೆ ಮರುಪಾವತಿ. ತಿಂಗಳ ಖರ್ಚು ಸುಮಾರು 15,500 ಡಾಲರ್. ಸಿಬ್ಬಂದಿ 28 ಜನ.

ಎರಡನೆಯದು ಕುಡಿಯುವ ನೀರು ಮತ್ತು ಶೌಚಾಲಯ ಬಳಕೆಯ ಮನೆ ಮನೆ ಸಮೀಕ್ಷೆ. ಬೇರೊಂದು ಪ್ರೈಮ್ ಕಂಪನಿಯ ಕಾಂಟ್ರ್ಯಾಕ್ಟಿನ ಕೆಳಗಿನ ನಿಗದಿತ ಬೆಲೆಯ ಸಬ್‌ಕಾಂಟ್ರ್ಯಾಕ್ಟ್. ಐದು ಹಂತ, ಹಂತಕ್ಕೆ 16,000 ಡಾಲರ್.

ಎರಡರ ಹಣ ಒಳಬರುವ ಬಾಗಿಲೂ ಬೇರೆ. ಸಬ್‌ಅವಾರ್ಡಿನ ಹಣ ವಿದೇಶಿ ವಂತಿಗೆ. ವಿದೇಶಿ ವಂತಿಗೆಯನ್ನು ನಿಯಂತ್ರಿಸುವ ಭಾರತದ ಎಫ್‌ಸಿಆರ್‌ಎ ಕಾಯ್ದೆಯ ಪ್ರಕಾರ ಅದು ಮೊದಲು ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಆಡಳಿತ ವೆಚ್ಚ ಶೇಕಡ 20 ಮೀರಬಾರದು. ಸಮೀಕ್ಷೆಯ ಹಣ ಮಾಡಿದ ಸೇವೆಗೆ ಬಂದ ಶುಲ್ಕ. ಅದಕ್ಕೆ ಇನ್‌ವಾಯ್ಸ್ ಹಾಕಿ, ಸೇವೆಯ ರಫ್ತು ಎಂದು ತೋರಿಸಿ, ಜಿಎಸ್‌ಟಿಯಲ್ಲಿ ಎಲ್‌ಯುಟಿ (ತೆರಿಗೆ ಕಟ್ಟದೆ ರಫ್ತು ಮಾಡಲು ಬರೆದುಕೊಡುವ ಮುಚ್ಚಳಿಕೆ) ಸಲ್ಲಿಸಿ ಸಾಮಾನ್ಯ ಖಾತೆಗೆ ಪಡೆಯಲಾಗುತ್ತಿತ್ತು. ಸಂಸ್ಥೆಯ ಲೆಕ್ಕಪರಿಶೋಧಕರು ಶುರುವಿನಲ್ಲೇ ಇದನ್ನು ಬರಹದಲ್ಲಿ ಕೊಟ್ಟಿದ್ದರು. ಮುಂದೆ ಅದು ಬಹಳ ಉಪಯೋಗಕ್ಕೆ ಬಂತು.

ಹಿನ್ನೆಲೆಯ ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಬೇಕು. 28 ಸಿಬ್ಬಂದಿಯಲ್ಲಿ 11 ಜನರನ್ನು ಮೂಲ ಯೋಜನೆಯಲ್ಲಿ ಎರಡು ಸಣ್ಣ ಸ್ಥಳೀಯ ಟ್ರಸ್ಟುಗಳ ಮೂಲಕ ನೇಮಿಸುವುದೆಂದಿತ್ತು. 2020ರ ಸೆಪ್ಟೆಂಬರಿನ ಎಫ್‌ಸಿಆರ್‌ಎ ತಿದ್ದುಪಡಿ ವಿದೇಶಿ ವಂತಿಗೆಯನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವುದನ್ನೇ ನಿಷೇಧಿಸಿತ್ತು. ಟ್ರಸ್ಟುಗಳಿಗೆ 'ಸೇವಾ ಗುತ್ತಿಗೆ' ಎಂದು ಹೆಸರು ಬದಲಿಸಿ ಹಣ ಕೊಡೋಣ ಎಂಬ ಸಲಹೆ ಬಂದಿತ್ತು. ಅಮೆರಿಕದ 2 ಸಿಎಫ್‌ಆರ್‌ನ ನಿಯಮ 200.331 ಕಾಗದದ ಮೇಲಿನ ಹೆಸರನ್ನು ನೋಡುವುದಿಲ್ಲ, ಸಂಬಂಧದ ತಿರುಳನ್ನು ನೋಡುತ್ತದೆ. ಯೋಜನೆಯ ಗುರಿಗೆ ಹೊಣೆ ಹೊತ್ತು, ಕಾರ್ಯಕ್ರಮದ ತೀರ್ಮಾನ ತೆಗೆದುಕೊಳ್ಳುವವರು ಅದರ ಕಣ್ಣಿಗೆ ಸಬ್‌ರೆಸಿಪಿಯೆಂಟ್, ಅಂದರೆ ನೆರವಿನ ಹಣ ಪಡೆದ ಕೆಳಗಿನ ಸಂಸ್ಥೆ. ಅಮೆರಿಕದ ಲೆಕ್ಕದಲ್ಲಿ ಸಬ್‌ರೆಸಿಪಿಯೆಂಟ್ ಆದವರನ್ನು ಭಾರತದ ಲೆಕ್ಕದಲ್ಲಿ ಬರೀ ಗುತ್ತಿಗೆದಾರರೆಂದು ತೋರಿಸಿದ್ದರೆ ಎರಡೂ ಕಡೆ ಸಿಕ್ಕಿಬೀಳಬೇಕಿತ್ತು. ಸಂಸ್ಥೆ ಆ 11 ಜನರನ್ನೂ ತನ್ನ ಹಾಜರಿ ಪಟ್ಟಿಗೇ ತೆಗೆದುಕೊಂಡಿತು. ಸರಿಯಾದ ನಿರ್ಧಾರವೇ. ಆದರೆ ಅದರೊಂದಿಗೆ ಬಂದ ಕಾರ್ಮಿಕ ಕಾನೂನಿನ ಹೊಣೆಗೆ ಬಜೆಟ್ಟಿನಲ್ಲಿ ಒಂದು ಸಾಲನ್ನೂ ಇಡಲಿಲ್ಲ.

ಸಮಸ್ಯೆ

2025ರ ಜನವರಿ 20ರಂದು ಅಮೆರಿಕದ ಅಧ್ಯಕ್ಷರ ಆದೇಶ ವಿದೇಶಿ ಅಭಿವೃದ್ಧಿ ನೆರವನ್ನು ಪರಿಶೀಲನೆಗಾಗಿ 90 ದಿನ ತಡೆಹಿಡಿಯಿತು. 24ರಂದು, ಶುಕ್ರವಾರ, ಚಾಲ್ತಿಯಲ್ಲಿರುವ ಕೆಲಸಗಳನ್ನೂ ನಿಲ್ಲಿಸುವ ನಿರ್ದೇಶನ ಹೊರಟಿತು. ಎರಡೂ ಪ್ರೈಮ್‌ಗಳ ಮೇಲ್ ಸಂಸ್ಥೆಗೆ ತಲುಪಿದ್ದು ಭಾರತದ ಶನಿವಾರ ಬೆಳಗ್ಗೆ. ಮರುದಿನ ಗಣರಾಜ್ಯೋತ್ಸವ. ಮೇಲ್ ಓದಿ ಅರ್ಥ ಮಾಡಿಕೊಂಡದ್ದು ಸೋಮವಾರ, 27ರಂದು. ಅಷ್ಟರಲ್ಲಿ ಶನಿವಾರ ಮತ್ತು ಸೋಮವಾರ ಬೆಳಗ್ಗೆ ಕ್ಷೇತ್ರ ಸಿಬ್ಬಂದಿ ಎಂದಿನಂತೆ ಬೈಕ್ ಹತ್ತಿ ಹೋಗಿ ಬಂದಿದ್ದರು.

ಸಬ್‌ಅವಾರ್ಡಿನ ಸ್ಥಿತಿ ಅಂದು ಹೀಗಿತ್ತು. ಎಲ್ಲರ ಬಾಯಲ್ಲಿದ್ದ ಅಂಕಿ 6 ಲಕ್ಷ ಡಾಲರ್. ಒಪ್ಪಂದದ ಮೊದಲ ಪುಟದಲ್ಲೇ ಇನ್ನೊಂದು ಅಂಕಿಯೂ ಇತ್ತು: ಆಬ್ಲಿಗೇಟೆಡ್ ಮೊತ್ತ, ಅಂದರೆ ನಿಜವಾಗಿ ಕಟ್ಟಿಟ್ಟ ಹಣ, 4 ಲಕ್ಷ 40 ಸಾವಿರ. ಅಂದಾಜು ಮೊತ್ತ ಒಂದು ಉದ್ದೇಶ, ಕಟ್ಟಿಟ್ಟ ಮೊತ್ತ ಹಕ್ಕಿನ ಮೇರೆ. ಅದನ್ನು ಮೀರಿದ ಒಂದು ಡಾಲರನ್ನೂ ಪ್ರೈಮ್ ಕೊಡಬೇಕಿಲ್ಲ. ಡಿಸೆಂಬರ್ ಕೊನೆಗೆ 4 ಲಕ್ಷ 18 ಸಾವಿರ ಖರ್ಚಾಗಿತ್ತು. ಜನವರಿಯ 24 ದಿನಕ್ಕೆ ಇನ್ನೊಂದು 12,000. ಉಳಿದದ್ದು 10,000 ಮಾತ್ರ. ನವೆಂಬರ್ ಮತ್ತು ಡಿಸೆಂಬರ್ ಬಿಲ್, ಸುಮಾರು 31,000 ಡಾಲರ್, ಇನ್ನೂ ಪಾವತಿಯಾಗಿರಲಿಲ್ಲ.

ಕಟ್ಟಿಟ್ಟ ಹಣದ ಶೇಕಡ 75 ಮುಗಿದಾಗ ಪ್ರೈಮ್‌ಗೆ ಬರಹದಲ್ಲಿ ತಿಳಿಸಬೇಕೆಂಬ ಷರತ್ತು ಸಬ್‌ಅವಾರ್ಡಿನಲ್ಲಿತ್ತು. ಆ ಗೆರೆ 3 ಲಕ್ಷ 30 ಸಾವಿರ. ಅದು 2024ರ ಮಧ್ಯದಲ್ಲೇ ದಾಟಿತ್ತು, ಪತ್ರ ಹೋದದ್ದು ನವೆಂಬರಿನಲ್ಲಿ. 'ತಿದ್ದುಪಡಿ ತಯಾರಾಗುತ್ತಿದೆ' ಎಂಬ ಉತ್ತರ ಬಂದಿತ್ತು, ಸಹಿಯಾದ ತಿದ್ದುಪಡಿ ಬರಲಿಲ್ಲ. ಜನವರಿ 24ರ ನಂತರ ಹೊಸದಾಗಿ ಹಣ ಕಟ್ಟಿಡುವ ದಾರಿಯೇ ಮುಚ್ಚಿತು. ಐದು ತಿಂಗಳ ಈ ತಡವೇ ಇಡೀ ಪ್ರಕರಣದಲ್ಲಿ ಅತ್ಯಂತ ದುಬಾರಿಯಾಗಿ ಬಿದ್ದದ್ದು. ತಿಂಗಳಿಗೊಮ್ಮೆ ತಯಾರಾಗುತ್ತಿದ್ದ ವರದಿಯಲ್ಲಿ 'ಬಜೆಟ್ ಎದುರು ಖರ್ಚು' ಎಂಬ ಕಾಲಂ ಇತ್ತು, 'ಕಟ್ಟಿಟ್ಟ ಹಣದ ಎದುರು ಖರ್ಚು' ಎಂಬುದು ಇರಲಿಲ್ಲ. ಕಾರ್ಯಕ್ರಮದವರು ನೋಡುತ್ತಿದ್ದ ವರದಿಯಲ್ಲಿ ಅಪಾಯ ಕಾಣುವಂತೆಯೇ ಇರಲಿಲ್ಲ.

ಮೊದಲ ವಾರದ ನಿರ್ಧಾರಗಳು

ಸೋಮವಾರ ಮಧ್ಯಾಹ್ನ ಮೊದಲ ಪ್ರೈಮ್‌ನ ಕಾರ್ಯಕ್ರಮ ಮುಖ್ಯಸ್ಥರು ಫೋನ್ ಮಾಡಿದರು. ರೋಗಿಗಳ ಕೆಲಸ ನಿಲ್ಲಿಸಬೇಡಿ, ಬಿಲ್ಲಿನ ವಿಷಯ ನಾವು ನೋಡಿಕೊಳ್ಳುತ್ತೇವೆ ಎಂದರು. ಕಾಳಜಿಯಿಂದಲೇ ಹೇಳಿದ ಮಾತು. ಸಂಸ್ಥೆಯ ಕ್ಷೇತ್ರ ವಿಭಾಗ ಅದನ್ನು ಅನುಮತಿ ಎಂದೇ ತಿಳಿಯಿತು. ಹಣಕಾಸು ಮುಖ್ಯಸ್ಥರು ಒಂದೇ ಸಾಲಿನ ಮೇಲ್ ಹಾಕಿದರು: ಫೋನಿನಲ್ಲಿ ಹೇಳಿದ್ದನ್ನು ದಯವಿಟ್ಟು ಬರಹದಲ್ಲಿ ಖಚಿತಪಡಿಸಿ, ಯಾವ ಅಧಿಕಾರಿಯ ಒಪ್ಪಿಗೆ ಇದೆ ತಿಳಿಸಿ. ಬುಧವಾರ ಬಂದ ಉತ್ತರದ ಧಾಟಿಯೇ ಬೇರೆ. ಒಪ್ಪಿಗೆ ಬರುವವರೆಗೆ ಆಗುವ ಖರ್ಚು ನಿಮ್ಮ ಸ್ವಂತ ಜವಾಬ್ದಾರಿ ಎಂದಿತ್ತು.

ಯುಎಸ್‌ಏಡ್ ವ್ಯವಸ್ಥೆಯಲ್ಲಿ ಕೋಆಪರೇಟಿವ್ ಅಗ್ರಿಮೆಂಟನ್ನು ಬದಲಿಸುವ, ಏಜೆನ್ಸಿಯನ್ನು ಹೊಣೆಗೆ ಒಳಪಡಿಸುವ ಅಧಿಕಾರ ಇದ್ದದ್ದು ಅಗ್ರಿಮೆಂಟ್ ಆಫೀಸರ್‌ಗೆ. ದಿನಬೆಳಗಾದರೆ ಮಾತಾಡಿಸುವ, ಕ್ಷೇತ್ರ ಭೇಟಿಗೆ ಬರುವ, ವರದಿ ಒಪ್ಪುವ ಅಧಿಕಾರಿ ಆ ಆಫೀಸರ್‌ನ ಪ್ರತಿನಿಧಿ ಮಾತ್ರ. ತಾಂತ್ರಿಕ ಸಲಹೆ ಕೊಡಬಹುದು, ಹಣದ ಮಾತು ಕೊಡುವಂತಿಲ್ಲ. ಪ್ರೈಮ್‌ನ ಕಾರ್ಯಕ್ರಮ ಮುಖ್ಯಸ್ಥರು ಅದಕ್ಕಿಂತಲೂ ಒಂದು ಮೆಟ್ಟಿಲು ಕೆಳಗೆ. ಆ ಒಂದು ಸಾಲಿನ ಮೇಲ್ ಹೋಗದಿದ್ದರೆ ಸಂಸ್ಥೆ ಇನ್ನೂ ಕೆಲವು ವಾರ ಪೂರ್ತಿ ಸಿಬ್ಬಂದಿಯನ್ನು ನಡೆಸಿ, ಒಂದು ರೂಪಾಯಿಯೂ ವಾಪಸು ಬರದ ಖರ್ಚು ಹೊತ್ತುಕೊಳ್ಳುತ್ತಿತ್ತು.

28ರಂದು ಜೀವ ಉಳಿಸುವ ಮಾನವೀಯ ನೆರವಿಗೆ ವಿನಾಯಿತಿ ಪ್ರಕಟವಾಯಿತು. ಕ್ಷಯರೋಗದ ಕೆಲಸ ಜೀವ ಉಳಿಸುವುದಲ್ಲದೆ ಇನ್ನೇನು ಎಂದು ಸಿಬ್ಬಂದಿ ಕೇಳಿದರು. ಕೇಳಿದ್ದು ನ್ಯಾಯವೇ. ಆದರೆ ಸುದ್ದಿಯಲ್ಲಿ ಬಂದ ವಿನಾಯಿತಿ ತಮ್ಮ ಒಪ್ಪಂದದ ಸಂಖ್ಯೆಯನ್ನು ಹೆಸರಿಸಿದ ಪತ್ರವಾಗಿ ಕೈಗೆ ಬರುವ ತನಕ ಖರ್ಚಿಗೆ ಆಧಾರವಾಗುವುದಿಲ್ಲ. ಅಂಥ ಪತ್ರ ಈ ಸಬ್‌ಅವಾರ್ಡಿಗೆ ಬರಲೇ ಇಲ್ಲ.

29ರ ಸಂಜೆ ಆಡಳಿತ ಮಂಡಳಿ ಸೇರಿತು. ಎದುರಿಗಿದ್ದ ಪ್ರಶ್ನೆ: 90 ದಿನ ಕಾಯುವುದೋ, ಈಗಲೇ ಜನರನ್ನು ಬಿಡುವುದೋ? 28 ಜನರ ತಿಂಗಳ ಸಂಬಳ ಸುಮಾರು 6 ಲಕ್ಷ 16 ಸಾವಿರ ರೂಪಾಯಿ, ಅಂದಿನ ದರದಲ್ಲಿ 7,200 ಡಾಲರ್. ಮೂರು ತಿಂಗಳಿಗೆ 21,600. ಉಳಿದ ಮಿತಿ 10,000. ಕಾಯುವ ಆಯ್ಕೆಯನ್ನು ಈ ಲೆಕ್ಕವೇ ಕಿತ್ತುಹಾಕಿತು.

ಬಿಡುವುದಕ್ಕೂ ಹಣ ಬೇಕು. 'ನಾವು ಸೇವಾ ಸಂಸ್ಥೆ, ಕೈಗಾರಿಕಾ ಕಾನೂನು ನಮಗೇಕೆ' ಎಂದು ಮಂಡಳಿಯ ಒಬ್ಬ ಸದಸ್ಯರು ಕೇಳಿದರು. ಇದಕ್ಕೆ ಉತ್ತರವು ಕರ್ನಾಟಕದ್ದೇ ಒಂದು ಮೊಕದ್ದಮೆಯಲ್ಲಿದೆ. ಬೆಂಗಳೂರು ಜಲಮಂಡಳಿ ವಿರುದ್ಧ ರಾಜಪ್ಪ ಪ್ರಕರಣದಲ್ಲಿ 1978ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 'ಕೈಗಾರಿಕೆ' ಎಂಬುದಕ್ಕೆ ಬಹಳ ಅಗಲವಾದ ಅರ್ಥ ಕೊಟ್ಟಿತು. ಲಾಭದ ಉದ್ದೇಶ ಇಲ್ಲ ಎಂಬ ಒಂದೇ ಕಾರಣಕ್ಕೆ ಯಾರೂ ಹೊರಗೆ ಉಳಿಯುವುದಿಲ್ಲ ಎಂದಿತು. ಆಗ ಜಾರಿಯಲ್ಲಿದ್ದ ಕೈಗಾರಿಕಾ ವಿವಾದ ಕಾಯ್ದೆಯ 25ಎಫ್ ಕಲಂ ಪ್ರಕಾರ, ವರ್ಷವಿಡೀ ದುಡಿದ ಕೆಲಸಗಾರರನ್ನು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಸಂಬಳ ಕೊಡಬೇಕು, ಜೊತೆಗೆ ಸೇವೆಯ ಪ್ರತಿ ಪೂರ್ಣ ವರ್ಷಕ್ಕೆ 15 ದಿನದ ಸರಾಸರಿ ಸಂಬಳ. ಇದನ್ನು ತೆಗೆಯುವ ಹೊತ್ತಿಗೇ ಕೊಡಬೇಕು, ಆಮೇಲೆ ನೋಡೋಣ ಅನ್ನುವಂತಿಲ್ಲ.

ಮಂಡಳಿ 20 ಜನರನ್ನು ನೋಟಿಸ್ ಸಂಬಳ ಕೊಟ್ಟು ಬಿಡಲು, 8 ಜನರನ್ನು ಸಂಸ್ಥೆಯ ಸ್ವಂತ ನಿಧಿಯಿಂದ ಆರು ವಾರ ಉಳಿಸಿಕೊಳ್ಳಲು ತೀರ್ಮಾನಿಸಿತು. ಆ ಸ್ವಂತ ನಿಧಿ ಸ್ಥಳೀಯ ದೇಣಿಗೆಯದ್ದು. ಬ್ಯಾಂಕಿನಲ್ಲಿ ಇನ್ನೊಬ್ಬ ವಿದೇಶಿ ದಾನಿಯ ಹಣ ಹೆಚ್ಚೇ ಇತ್ತು, ತಾತ್ಕಾಲಿಕವಾಗಿ ಅದನ್ನು ಬಳಸಿ ಆಮೇಲೆ ತುಂಬೋಣ ಎಂಬ ಮಾತು ಎದ್ದಿತು. ಮಂಡಳಿ ಒಪ್ಪಲಿಲ್ಲ. ಒಂದು ಉದ್ದೇಶಕ್ಕೆ ಬಂದ ವಿದೇಶಿ ವಂತಿಗೆಯನ್ನು ಇನ್ನೊಂದಕ್ಕೆ ಬಳಸಿದರೆ ಎಫ್‌ಸಿಆರ್‌ಎ ನೋಂದಣಿಗೇ ಕುತ್ತು. ಒಂದು ಯೋಜನೆ ಉಳಿಸಲು ಹೋಗಿ ಎಲ್ಲ ಯೋಜನೆಗಳನ್ನೂ ಅಪಾಯಕ್ಕೆ ಒಡ್ಡಬೇಕಾಗುತ್ತಿತ್ತು.

ಉಳಿದ ಎಂಟು ಜನ ಮಾಡಿದ ಕೆಲಸ ದೊಡ್ಡದು. ಅನುಸರಣೆಯಲ್ಲಿದ್ದ 312 ರೋಗಿಗಳ ಪಟ್ಟಿಯನ್ನು ತಾಲೂಕುವಾರು ಒಡೆದರು. ಪ್ರತಿಯೊಬ್ಬರ ನಿಕ್ಷಯ್ ಸಂಖ್ಯೆ (ಸರ್ಕಾರದ ಕ್ಷಯರೋಗ ದಾಖಲೆ ವ್ಯವಸ್ಥೆಯ ನೋಂದಣಿ ಸಂಖ್ಯೆ), ಚಿಕಿತ್ಸೆಯ ಎಷ್ಟನೇ ತಿಂಗಳು, ಮುಂದಿನ ಕಫ ಪರೀಕ್ಷೆಯ ದಿನ, ಮನೆಯವರ ಫೋನ್, ಹತ್ತಿರದ ಆಶಾ ಕಾರ್ಯಕರ್ತೆ ಯಾರು ಎಂಬುದನ್ನು ಒಂದೊಂದು ಹಾಳೆಗೆ ಇಳಿಸಿ ಜಿಲ್ಲಾ ಕ್ಷಯರೋಗ ಅಧಿಕಾರಿಯ ಕಚೇರಿಗೆ ಸಹಿ ಪಡೆದು ಒಪ್ಪಿಸಿದರು. ಔಷಧಿ ಸರ್ಕಾರದ್ದಾದ್ದರಿಂದ ಅದು ನಿಲ್ಲಲಿಲ್ಲ. ನಿಂತದ್ದು ಉಪಕೇಂದ್ರದಿಂದ ಪ್ರಯೋಗಾಲಯಕ್ಕೆ ಕಫದ ಡಬ್ಬಿ ಹೊತ್ತೊಯ್ಯುವ ಬೈಕ್. ಅದಕ್ಕೆ ಬದಲಿ ವ್ಯವಸ್ಥೆ ಎರಡು ತಾಲೂಕುಗಳಲ್ಲಿ ಆಯಿತು, ಮೂರನೆಯದರಲ್ಲಿ ಆ ಆರು ವಾರಗಳಲ್ಲಿ ಆಗಲಿಲ್ಲ. ರೋಗಿಗಳ ವಿವರವನ್ನು ಯಾರಿಗೆ, ಯಾವ ಸಂದರ್ಭದಲ್ಲಿ ಹಸ್ತಾಂತರಿಸಬಹುದು ಎಂಬ ಸಾಲು ಸಬ್‌ಅವಾರ್ಡಿನಲ್ಲಿ ಇರಲೇ ಇಲ್ಲ. 2022ರಲ್ಲಿ ಜಿಲ್ಲಾ ಆರೋಗ್ಯ ಇಲಾಖೆಯ ಜೊತೆ ಮಾಡಿಕೊಂಡಿದ್ದ ಎರಡು ಪುಟದ ತಿಳಿವಳಿಕೆ ಪತ್ರದಲ್ಲಿತ್ತು. ಅದೇ ಕೈಹಿಡಿಯಿತು.

ಸಮೀಕ್ಷೆಯ ಕಡೆ

ಎರಡನೇ ಪ್ರೈಮ್‌ನ ನೋಟಿಸ್ ಅರ್ಧ ಪುಟದ್ದು. ಅದರಲ್ಲಿ ಒಂದು ಕಲಂ ಸಂಖ್ಯೆ ಇತ್ತು: ಫಾರ್ 52.242-15, ಸ್ಟಾಪ್ ವರ್ಕ್ ಆರ್ಡರ್. ಈ ಕಲಂಗೆ ಎರಡು ಬದಿ. ಕೆಲಸ ಮಾಡುವವರು ತಕ್ಷಣ ನಿಲ್ಲಿಸಿ, ಖರ್ಚನ್ನು ಆದಷ್ಟು ಕಡಿಮೆ ಮಾಡಬೇಕು. ಕೊಳ್ಳುವವರು 90 ದಿನದೊಳಗೆ, ಅಥವಾ ಇಬ್ಬರೂ ಒಪ್ಪಿ ವಿಸ್ತರಿಸಿದ ಅವಧಿಯೊಳಗೆ, ಆದೇಶ ಹಿಂಪಡೆಯಬೇಕು ಇಲ್ಲವೇ ಕೆಲಸ ರದ್ದು ಮಾಡಬೇಕು. ಹಿಂಪಡೆದರೆ ಬೆಲೆ ಮತ್ತು ವೇಳಾಪಟ್ಟಿಯಲ್ಲಿ ನ್ಯಾಯವಾದ ಹೊಂದಾಣಿಕೆ ಕೇಳಬಹುದು. ಸರ್ಕಾರದ ಅನುಕೂಲಕ್ಕೆ ರದ್ದು ಮಾಡಿದರೆ, ಅಲ್ಲಿಯವರೆಗೆ ಆದ ಕೆಲಸದ ವೆಚ್ಚ ಮತ್ತು ಅದರ ಮೇಲಿನ ಸಮಂಜಸ ಲಾಭಕ್ಕೆ ಪ್ರಸ್ತಾವ ಸಲ್ಲಿಸಬಹುದು. ನಿಲ್ಲಿಸುವ ಅಧಿಕಾರದ ಜೊತೆಗೇ ಅದರ ಬೆಲೆ ತೆರುವ ವಿಧಾನವೂ ಇಲ್ಲಿ ಬರೆದಿದೆ. ಇದು ಖರೀದಿ ಕಾನೂನಿನ ಸ್ವಭಾವ, ಯಾರ ಔದಾರ್ಯವೂ ಅಲ್ಲ.

ಎರಡು ಹಂತದ ಹಣ ಮೊದಲೇ ಬಂದಿತ್ತು. ಮೂರನೇ ಹಂತದ ದತ್ತಾಂಶ ಜನವರಿ 17ರಂದು ಕಳುಹಿಸಲಾಗಿತ್ತು. ಹತ್ತು ಕೆಲಸದ ದಿನಗಳೊಳಗೆ ಆಕ್ಷೇಪ ಬರದಿದ್ದರೆ ಒಪ್ಪಿದಂತೆ ಎಂದು ಸಬ್‌ಕಾಂಟ್ರ್ಯಾಕ್ಟ್ ಹೇಳುತ್ತಿತ್ತು. ನೋಟಿಸ್ ಬಂದದ್ದು ಐದನೇ ದಿನ ಮುಗಿದ ಮೇಲೆ. ಗಡಿಯಾರ ಅಲ್ಲಿಗೇ ನಿಂತಿತು ಎಂದು ಪ್ರೈಮ್ ವಾದಿಸಿತು. ಸಂಸ್ಥೆಯ ಉತ್ತರ ಚೆನ್ನಾಗಿತ್ತು: ನಿಲ್ಲಿಸಲು ಹೇಳಿರುವುದು ನಮ್ಮ ಕೆಲಸವನ್ನು, ಆ ಕೆಲಸ 17ಕ್ಕೇ ಮುಗಿದಿದೆ. ಪರಿಶೀಲಿಸಿ ಒಪ್ಪುವುದು ನಿಮ್ಮ ಕರ್ತವ್ಯ. ಮಾರ್ಚಿನಲ್ಲಿ ಪ್ರೈಮ್ ಬರಹದಲ್ಲಿ ಒಪ್ಪಿತು, ಮೇ ತಿಂಗಳಲ್ಲಿ 16,000 ಡಾಲರ್ ಬಂತು. ಸೇವಾ ರಫ್ತಿನ ಹಣ ಇನ್‌ವಾಯ್ಸ್ ಹಾಕಿದ ಒಂದು ವರ್ಷದೊಳಗೆ ಬರದಿದ್ದರೆ ಎಲ್‌ಯುಟಿ ಅಡಿಯಲ್ಲಿ ಬಿಟ್ಟ ತೆರಿಗೆಯನ್ನು ಬಡ್ಡಿಸಮೇತ ಕಟ್ಟಬೇಕಾಗುತ್ತದೆ. ಸಂಸ್ಥೆ ಈ ದಿನಾಂಕವನ್ನೂ ಪತ್ರದಲ್ಲಿ ಕಾಣಿಸಿತ್ತು.

ನಾಲ್ಕನೇ ಹಂತದಲ್ಲಿ 4,000 ಮನೆಗಳ ಪೈಕಿ 2,400 ಮುಗಿದಿದ್ದವು. ಫೆಬ್ರುವರಿ ಕೊನೆಗೆ ರದ್ದತಿ ಪತ್ರ ಬಂತು. ಮೂಲ ಕಾಂಟ್ರ್ಯಾಕ್ಟಿನಲ್ಲಿ ಇತ್ಯರ್ಥದ ಪ್ರಸ್ತಾವಕ್ಕೆ ಒಂದು ವರ್ಷ ಇದ್ದರೂ, ಪ್ರೈಮ್ ತನ್ನ ಉಪ ಒಪ್ಪಂದದಲ್ಲಿ ಅದನ್ನು 45 ದಿನಕ್ಕೆ ಇಳಿಸಿತ್ತು. ಪ್ರೈಮ್‌ಗಳು ಹೀಗೆ ಮಾಡುವುದು ಸಾಮಾನ್ಯ, ಕೆಳಗಿನವರು ಇದನ್ನು ಓದದೇ ಇರುವುದೂ ಅಷ್ಟೇ ಸಾಮಾನ್ಯ. ಸಂಸ್ಥೆ 9,600 ಡಾಲರ್ ಕೇಳಿತು. ಪ್ರತಿ ಮನೆಯ ನಮೂನೆಯ ಸಮಯಮುದ್ರೆ, ಸಮೀಕ್ಷಕರ ದಿನಗೂಲಿ ಪಟ್ಟಿ, ಟ್ಯಾಬ್ಲೆಟ್ ಬಾಡಿಗೆ ರಸೀದಿ ಎಲ್ಲ ಲಗತ್ತಿಸಿತು. 8,100 ಮಂಜೂರಾಯಿತು. ಕಡಿತವಾದ 1,500ರಲ್ಲಿ ಹೆಚ್ಚಿನದು ನಿಲುಗಡೆಯ ನಂತರದ ಟ್ಯಾಬ್ಲೆಟ್ ಬಾಡಿಗೆ. ಟ್ಯಾಬ್ಲೆಟ್‌ಗಳನ್ನು ಆ ಸೋಮವಾರವೇ ಹಿಂದಿರುಗಿಸಿದ್ದರೆ ಅದೂ ಉಳಿಯುತ್ತಿತ್ತು. ಐದನೇ ಹಂತಕ್ಕೆ ಏನೂ ಇಲ್ಲ. ಮಾಡದ ಕೆಲಸದ ಲಾಭ ಕೇಳುವಂತಿಲ್ಲ.

ಸಬ್‌ಅವಾರ್ಡಿನ ಕೊನೆ

ನೆರವಿನ ಒಪ್ಪಂದದಲ್ಲಿ ಹೊಂದಾಣಿಕೆ, ಇತ್ಯರ್ಥ, ಲಾಭ ಯಾವುದೂ ಇಲ್ಲ. 2 ಸಿಎಫ್‌ಆರ್ 200.340 ಪ್ರಕಾರ, ಕಾರ್ಯಕ್ರಮದ ಗುರಿ ಅಥವಾ ಏಜೆನ್ಸಿಯ ಆದ್ಯತೆಗೆ ಇನ್ನು ಹೊಂದುವುದಿಲ್ಲ ಎಂಬ ಕಾರಣಕ್ಕೂ ಒಪ್ಪಂದ ಮುಗಿಸಬಹುದು. 200.343 ಒಂದು ಕಿಟಕಿ ಬಿಟ್ಟಿದೆ: ತಡೆಗೆ ಮುಂಚೆ ಸರಿಯಾಗಿ ಕಟ್ಟಿಕೊಂಡ ಹೊಣೆಯಿಂದ ಹುಟ್ಟಿದ ಖರ್ಚು, ಬೇರೆ ಎಲ್ಲ ರೀತಿಯಲ್ಲಿ ಒಪ್ಪತಕ್ಕದ್ದಾಗಿದ್ದರೆ, ತಡೆಯ ನಂತರವೂ ಸಲ್ಲುತ್ತದೆ. ಸಂಸ್ಥೆಯ ಇಡೀ ಬೇಡಿಕೆ ನಿಂತದ್ದು ಈ ಸಾಲಿನ ಮೇಲೆ. ಪ್ರತಿ ನೇಮಕಾತಿ ಪತ್ರದ ದಿನಾಂಕ, ಅದರಲ್ಲಿದ್ದ ಒಂದು ತಿಂಗಳ ನೋಟಿಸ್ ಷರತ್ತು, ಕಚೇರಿ ಬಾಡಿಗೆ ಕರಾರಿನ ಮೂರು ತಿಂಗಳ ನೋಟಿಸ್, ಇವನ್ನು ಕೋಷ್ಟಕ ಮಾಡಿ ಕಳುಹಿಸಿತು.

ಬೇಡಿಕೆ ಒಟ್ಟು 14,000 ಡಾಲರ್. ಜನವರಿ 25ರಿಂದ 31ರ ಸಂಬಳ 1,600, ಇಪ್ಪತ್ತು ಜನರ ನೋಟಿಸ್ ಸಂಬಳ 5,100, ಬಾಡಿಗೆ 1,400, 25ಎಫ್ ಪರಿಹಾರ 5,900. ಮೊದಲ ಮೂರನ್ನು ಪ್ರೈಮ್ ಒಪ್ಪಿತು. ಪರಿಹಾರದ ವಿಷಯದಲ್ಲಿ 200.431 ಎತ್ತಿತು. ಸಾಮೂಹಿಕವಾಗಿ ಜನರನ್ನು ಬಿಡುವಾಗಿನ ಪರಿಹಾರಕ್ಕೆ ಏಜೆನ್ಸಿಯ ಪೂರ್ವಾನುಮತಿ ಬೇಕು ಎನ್ನುತ್ತದೆ ಆ ನಿಯಮ. ಅನುಮತಿ ಕೋರಿ ಜನವರಿ 31ರಂದೇ ಬರೆದ ಪತ್ರಕ್ಕೆ ಉತ್ತರ ಬಂದಿರಲಿಲ್ಲ. ಇದು ನಮ್ಮ ಔದಾರ್ಯದ ಪರಿಹಾರವಲ್ಲ, ನೇಮಕದ ದಿನದಿಂದಲೇ ಭಾರತದ ಕಾನೂನು ಹೇರಿದ ಹೊಣೆ ಎಂದು ಸಂಸ್ಥೆ ವಾದಿಸಿತು. ಪ್ರೈಮ್ ಕೊನೆಗೆ ತಲೆಬಾಗಿತು, ಆದರೆ ಕಟ್ಟಿಟ್ಟ ಹಣದ ಮಿತಿಯೊಳಗೆ ಮಾತ್ರ. 10,000ದಲ್ಲಿ 8,100 ಕಳೆದು ಉಳಿದದ್ದು 1,900. ಅಷ್ಟೇ ಬಂತು. ಬಾಕಿ 4,000 ಡಾಲರ್, ಸುಮಾರು 3 ಲಕ್ಷ 40 ಸಾವಿರ ರೂಪಾಯಿ, ಸಂಸ್ಥೆಯ ಮೇಲೆ ಬಿತ್ತು. ಎಂಟು ಜನರ ಆರು ವಾರದ ಸಂಬಳ 2 ಲಕ್ಷ 64 ಸಾವಿರ ಬೇರೆ. 25 ಮತ್ತು 27ರ ಬೈಕ್ ಭತ್ಯೆಯನ್ನು ಪ್ರೈಮ್ ತಿರಸ್ಕರಿಸಿತು. ಮೊತ್ತ ಸಣ್ಣದೆಂದು ಸಂಸ್ಥೆ ಜಗಳಕ್ಕೆ ಹೋಗಲಿಲ್ಲ.

ಹಳೆಯ ಬಿಲ್ಲುಗಳ 31,000 ಮತ್ತು ಜನವರಿಯ 12,000 ಏಪ್ರಿಲಿನಲ್ಲಿ ಬಂದವು. ಫೆಬ್ರುವರಿ 13ರಂದು ವಾಷಿಂಗ್ಟನ್ನಿನ ಫೆಡರಲ್ ನ್ಯಾಯಾಲಯ ತಡೆಯ ವಿರುದ್ಧ ಆದೇಶ ಕೊಟ್ಟಿತ್ತು. ಅದಕ್ಕೂ ಮುಂಚೆ ಮುಗಿದ ಕೆಲಸಗಳ ಪಾವತಿ ಆದೇಶವನ್ನು ತಡೆಯಲು ಮಾರ್ಚ್ 5ರಂದು ಅಮೆರಿಕದ ಸುಪ್ರೀಂ ಕೋರ್ಟ್ 5-4ರಲ್ಲಿ ನಿರಾಕರಿಸಿತು. ಮೊಕದ್ದಮೆ ಹೂಡಿದವರು ಏಜೆನ್ಸಿಯ ಜೊತೆ ನೇರ ಸಂಬಂಧ ಇದ್ದವರು. ಈ ಸಂಸ್ಥೆಯಂಥವರಿಗೆ ಏಜೆನ್ಸಿಯ ವಿರುದ್ಧ ಒಪ್ಪಂದದ ಹಕ್ಕೇ ಇಲ್ಲ. ಎರಡೂ ಉಪ ಒಪ್ಪಂದಗಳಲ್ಲಿ ಇದು ಒಂದೇ ತರಹ: ಏನು ಕೇಳುವುದಿದ್ದರೂ ಪ್ರೈಮ್ ಹತ್ತಿರ. ಬ್ಯಾನರಿನ ಮೇಲೆ ಏಜೆನ್ಸಿಯ ಲೋಗೋ ಹಾಕುವುದು ಕಡ್ಡಾಯವಾಗಿತ್ತು, ಏಜೆನ್ಸಿಯ ಬಾಗಿಲು ತಟ್ಟುವ ಹಕ್ಕು ಇರಲಿಲ್ಲ. ಹಳ್ಳಿಯವರು ಎರಡು ವರ್ಷ 'ಯುಎಸ್‌ಏಡ್‌ನವರು' ಎಂದು ಕರೆದ ಜನರಿಗೆ ಕಾಗದದ ಪ್ರಕಾರ ಯುಎಸ್‌ಏಡ್ ಏನೂ ಆಗಿರಲಿಲ್ಲ.

ಮಾರ್ಚ್ 10ರಂದು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಶೇಕಡ 83ರಷ್ಟು ಕಾರ್ಯಕ್ರಮಗಳು ರದ್ದಾಗುತ್ತಿವೆ ಎಂದು ಪ್ರಕಟಿಸಿದರು. ಜುಲೈ 1ಕ್ಕೆ ನೆರವಿನ ಕೆಲಸ ಯುಎಸ್‌ಏಡ್ ಕೈಯಿಂದ ವಿದೇಶಾಂಗ ಇಲಾಖೆಗೆ ಹೋಯಿತು. ಕಟ್ಟಡದ ಮೇಲಿನ ಹೆಸರು ತೆಗೆದದ್ದರಿಂದ ಈ ಸಂಸ್ಥೆಯ ಕರ್ತವ್ಯ ಒಂದೂ ಕಡಿಮೆಯಾಗಲಿಲ್ಲ. ಮುಕ್ತಾಯದ ವರದಿಗಳನ್ನು ಉಪ ಒಪ್ಪಂದದವರು 90 ದಿನದೊಳಗೆ ಕೊಡಬೇಕಿತ್ತು, ಕೊಟ್ಟರು. ಕೊನೆಯ ಹಣಕಾಸು ವರದಿಯಿಂದ ಮೂರು ವರ್ಷ ದಾಖಲೆ ಕಾಪಾಡಬೇಕು, ಕೇಳಿದರೆ ಲೆಕ್ಕ ತೋರಿಸಬೇಕು. ಏಜೆನ್ಸಿ ಅಂದರೆ ಅದರ ಒಪ್ಪಂದಗಳು ಎಂಬ ಮಾತಿಗೆ ಇದಕ್ಕಿಂತ ನೇರವಾದ ಸಾಕ್ಷಿ ಸಿಗಲಾರದು.

ನಂತರ ಬದಲಾದದ್ದು

ಸಂಸ್ಥೆ ಈಗ ಪ್ರತಿ ಒಪ್ಪಂದಕ್ಕೆ ಒಂದು ಪುಟದ ಹಾಳೆ ಇಡುತ್ತದೆ. ಮೇಲ್ಗಡೆಯ ಮೂಲ ಕಾಗದ ಕಾಂಟ್ರ್ಯಾಕ್ಟೋ ನೆರವೋ, ಬರಹದಲ್ಲಿ ಬದಲಾಯಿಸುವ ಅಧಿಕಾರ ಯಾವ ಹುದ್ದೆಗೆ, ಕಟ್ಟಿಟ್ಟ ಹಣ ಎಷ್ಟು, ಶೇಕಡ 75ರ ಗೆರೆ ಯಾವ ತಿಂಗಳು ದಾಟುತ್ತದೆ, ರದ್ದಾದರೆ ಎಷ್ಟು ದಿನದಲ್ಲಿ ಬೇಡಿಕೆ ಸಲ್ಲಿಸಬೇಕು. ತಿಂಗಳ ವರದಿಗೆ ಕಟ್ಟಿಟ್ಟ ಹಣದ ಕಾಲಂ ಸೇರಿದೆ. ಅದರ ಪಕ್ಕದಲ್ಲೇ 'ಇಂದು ನಿಂತರೆ ಕೊಡಬೇಕಾದದ್ದು' ಎಂಬ ಇನ್ನೊಂದು: ನೋಟಿಸ್ ಸಂಬಳ, ಪರಿಹಾರ, ಬಾಡಿಗೆ ಸೇರಿ. ಉಳಿದ ಕಟ್ಟಿಟ್ಟ ಹಣ ಈ ಮೊತ್ತಕ್ಕಿಂತ ಕೆಳಗೆ ಇಳಿದ ತಿಂಗಳು ಹೊಸ ನೇಮಕ ಇಲ್ಲ. ಈ ಎರಡನೇ ಕಾಲಂ ಬಹಳ ಸಂಸ್ಥೆಗಳಲ್ಲಿ ಇಲ್ಲ, ತಕ್ಷಣ ಬೇಕಾದದ್ದು ಅದೇ. ಶುಕ್ರವಾರ ರಾತ್ರಿಯ ಮೇಲ್‌ಗಳನ್ನು ಶನಿವಾರವೇ ಓದಿ ಕ್ಷೇತ್ರಕ್ಕೆ ತಿಳಿಸುವ ಹೊಣೆ ಸರದಿಯ ಮೇಲೆ ಇಬ್ಬರಿಗಿದೆ.

ಹೊಸ ಒಪ್ಪಂದಗಳಲ್ಲಿ ಸಂಸ್ಥೆ ಮೂರು ಸಾಲು ಕೇಳುತ್ತಿದೆ: ಕಾನೂನುಬದ್ಧ ಕಾರ್ಮಿಕ ಪರಿಹಾರಕ್ಕೆ ಬಜೆಟ್ಟಿನಲ್ಲೇ ಪೂರ್ವಾನುಮತಿ, ನಿಲುಗಡೆ ಆದರೆ ರೋಗಿಗಳ ಹಸ್ತಾಂತರಕ್ಕೆ 30 ದಿನದ ಖರ್ಚು, ಕಟ್ಟಿಟ್ಟ ಹಣ ಯಾವಾಗಲೂ ಮೂರು ತಿಂಗಳ ಖರ್ಚಿಗಿಂತ ಕಡಿಮೆಯಾಗದಂತೆ ತಿದ್ದುಪಡಿ. ಯುರೋಪಿನ ಒಂದು ದಾನಿ ಸಂಸ್ಥೆ ಮೂರನ್ನೂ ಒಪ್ಪಿತು. ಇನ್ನೊಂದು ಮೊದಲನೆಯದನ್ನು ಒಪ್ಪಿ ಉಳಿದೆರಡನ್ನು ತಳ್ಳಿಹಾಕಿತು. ಆ ಯೋಜನೆಗೆ ಮಂಡಳಿ 14ರ ಬದಲು 10 ಜನರನ್ನಷ್ಟೇ ನೇಮಿಸಿಕೊಂಡು, ಒಂದು ತಾಲೂಕನ್ನು ಕೈಬಿಟ್ಟು ಸಹಿ ಹಾಕಿತು.